ಧ್ರುವನೂ ಕದಲಿದಾಗ

ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ನೂರು ವರ್ಷಗಳ ಹಿಂದೆ ಒಂದು ಪುಟ್ಟ ಸಾಧನವಿತ್ತು. ಹಿಡಿಕೆಯ ತುದಿಗೆ ಸಣ್ಣ ಗಾಜಿನ ಚೂರು, ಅದರ ಮೇಲೆ ಸಾಲಾಗಿ ಕಪ್ಪು ಚುಕ್ಕೆಗಳು. ಒಂದಕ್ಕಿಂತ ಇನ್ನೊಂದು ತುಸು ದಪ್ಪ. ನೊಣ ಹೊಡೆಯುವ ಬ್ಯಾಟಿನ ಮರಿಯಂತೆ ಕಾಣುತ್ತಿದ್ದುದರಿಂದ ಅದಕ್ಕೆ ‘ಫ್ಲೈ ಸ್ಪ್ಯಾಂಕರ್’ ಎಂದೇ ಹೆಸರು ಬಿದ್ದಿತ್ತು. ಅದನ್ನು ಹಿಡಿದು ಕೂರುತ್ತಿದ್ದವರು ಹೆಂಗಸರು. ಲೆಕ್ಕ ಮಾಡುವವರು ಎಂಬ ಅರ್ಥದಲ್ಲಿ ಅವರನ್ನು ‘ಕಂಪ್ಯೂಟರ್’ ಎನ್ನುತ್ತಿದ್ದರು.

ಆಕಾಶದ ಫೋಟೊ ಮೂಡುತ್ತಿದ್ದುದು ಗಾಜಿನ ಫಲಕದ ಮೇಲೆ. ಅದು ನೆಗೆಟಿವ್ ಆದ್ದರಿಂದ ನಕ್ಷತ್ರಗಳೆಲ್ಲ ಕಪ್ಪು ಚುಕ್ಕೆಗಳು. ನಕ್ಷತ್ರ ಪ್ರಕಾಶಮಾನವಾದಷ್ಟೂ ಚುಕ್ಕೆ ದಪ್ಪ. ಬೇಕಾದ ನಕ್ಷತ್ರದ ಪಕ್ಕಕ್ಕೆ ಆ ಪುಟ್ಟ ಗಾಜನ್ನು ತಂದು, ಯಾವ ಚುಕ್ಕೆಗೆ ಹೊಂದುತ್ತದೆಂದು ಭೂತಗನ್ನಡಿಯಲ್ಲಿ ನೋಡಿ ಅಂಕಿ ಬರೆದುಕೊಂಡರೆ ಒಂದು ಅಳತೆ ಮುಗಿಯಿತು. ಬಟ್ಟೆ ಅಂಗಡಿಯಲ್ಲಿ ಸೀರೆಗೆ ರವಿಕೆ ಕಣವನ್ನು ತಾಳೆ ಹಾಕುವ ಹಾಗೆ.

ನಕ್ಷತ್ರದ ಬೆಳಕನ್ನು ಅಳೆಯುವ ಕೆಲಸ ಶುರುವಾದದ್ದೂ ಹೀಗೆ ತಾಳೆ ಹಾಕಿಯೇ. ಕ್ರಿ.ಪೂ. 2ನೇ ಶತಮಾನದ ಗ್ರೀಕ್ ಖಗೋಳಜ್ಞ ಹಿಪಾರ್ಕಸ್‌ನ ಹೆಸರಿಗೆ ಸೇರಿದ, ಟಾಲೆಮಿಯ ‘ಆಲ್ಮಜೆಸ್ಟ್’ ಗ್ರಂಥದಲ್ಲಿ ಉಳಿದುಬಂದ ಪದ್ಧತಿಯಲ್ಲಿ ನಕ್ಷತ್ರಗಳಿಗೆ ಆರು ದರ್ಜೆಗಳು. ತೀರಾ ಪ್ರಕಾಶಮಾನವಾದವು ಒಂದನೇ ದರ್ಜೆ, ಕಣ್ಣಿಗೆ ಕಂಡೂ ಕಾಣದಂಥವು ಆರನೇ ದರ್ಜೆ. ಪರೀಕ್ಷೆಯ ರ‍್ಯಾಂಕಿನಂತೆ ಅಂಕಿ ಸಣ್ಣದಾದಷ್ಟೂ ಹೆಚ್ಚುಗಾರಿಕೆ. ಆದರೆ ಒಂದನೇ ದರ್ಜೆಯದು ಎರಡನೆಯದಕ್ಕಿಂತ ಎಷ್ಟು ಪಾಲು ಹೆಚ್ಚು ಬೆಳಗುತ್ತದೆ? ಅದಕ್ಕೆ ಲೆಕ್ಕವಿರಲಿಲ್ಲ.

ಲೆಕ್ಕ ಕೊಟ್ಟವನು ನಾರ್ಮನ್ ಪಾಗ್ಸನ್. ಆಕ್ಸ್‌ಫರ್ಡಿನ ರ‍್ಯಾಡ್‌ಕ್ಲಿಫ್ ವೀಕ್ಷಣಾಲಯದಲ್ಲಿ ಸಹಾಯಕನಾಗಿದ್ದ ಈತ 1856ರಲ್ಲಿ ಕ್ಷುದ್ರಗ್ರಹಗಳ ಬಗೆಗಿನ ಒಂದು ಲೇಖನದಲ್ಲಿ, ಮಾತಿನ ಮಧ್ಯೆ ಎಂಬಂತೆ ಆ ಸಲಹೆ ಮುಂದಿಟ್ಟ. ಒಂದನೇ ದರ್ಜೆಯ ನಕ್ಷತ್ರ ಆರನೆಯದಕ್ಕಿಂತ ಸುಮಾರು 100 ಪಟ್ಟು ಪ್ರಕಾಶಮಾನ ಎಂಬುದು ಆಗಲೇ ಗೊತ್ತಿತ್ತು. ಐದು ಮೆಟ್ಟಿಲಿಗೆ 100 ಪಟ್ಟು ಎಂದಾದರೆ ಒಂದು ಮೆಟ್ಟಿಲಿಗೆ 2.512 ಪಟ್ಟು. ಖಗೋಳಜ್ಞರು ಇವತ್ತಿಗೂ ಈ ದರ್ಜೆಯನ್ನು, ಅಂದರೆ ಕಾಂತಿಮಾನವನ್ನು, ಲೆಕ್ಕ ಹಾಕುವುದು ಈ ಮೆಟ್ಟಿಲಿನಿಂದಲೇ.

ಪಾಗ್ಸನ್ 1861ರಲ್ಲಿ ಮದರಾಸಿಗೆ ಸರ್ಕಾರಿ ಖಗೋಳಜ್ಞನಾಗಿ ಬಂದ. 1891ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಅವನ ಕೈಕೆಳಗಿದ್ದ ಚಿಂತಾಮಣಿ ರಘುನಾಥಾಚಾರಿ 1867ರಲ್ಲಿ ‘ಆರ್ ರೆಟಿಕ್ಯುಲೈ’ ಎಂಬ ದಕ್ಷಿಣಾಕಾಶದ ನಕ್ಷತ್ರದ ಬೆಳಕು ಏರಿಳಿಯುವುದನ್ನು ಪತ್ತೆಹಚ್ಚಿದರು. ಮದರಾಸು ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕನಾಲಿಗೆ ಹೋಯಿತು. ಅದರ ಇಂದಿನ ವಾರಸುದಾರ ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ.

ಮೆಟ್ಟಿಲೇನೋ ಸಿಕ್ಕಿತು. ಆದರೆ ಯಾವ ನಕ್ಷತ್ರಕ್ಕೆ ಹೋಲಿಸಿ ಅಳೆಯುವುದು? ಹಾರ್ವರ್ಡಿನ ನಿರ್ದೇಶಕ ಎಡ್ವರ್ಡ್ ಪಿಕರಿಂಗ್ 1879ರಲ್ಲಿ ಧ್ರುವ ನಕ್ಷತ್ರವನ್ನು ಆರಿಸಿಕೊಂಡ. ರಾತ್ರಿಯಿಡೀ ಇದ್ದಲ್ಲೇ ಇರುವ ನಕ್ಷತ್ರ. ಅದಕ್ಕಿಂತ ಅನುಕೂಲ ಏನಿದ್ದೀತು? ಅವನ ಯಂತ್ರದಲ್ಲಿ ಧ್ರುವನ ಬಿಂಬವೂ ಅಳೆಯಬೇಕಾದ ನಕ್ಷತ್ರದ ಬಿಂಬವೂ ಅಕ್ಕಪಕ್ಕ ಬರುತ್ತಿದ್ದವು. ಪಟ್ಟಕ ತಿರುಗಿಸಿ ಎರಡೂ ಸಮವಾಗುವಂತೆ ಮಾಡಿ, ಎಷ್ಟು ತಿರುಗಿಸಿದೆ ಎಂದು ಓದಿಕೊಂಡರಾಯಿತು. 1884ರಲ್ಲಿ 4,260 ನಕ್ಷತ್ರಗಳ ಪಟ್ಟಿ ಹೊರಬಂತು. ಮುಂದೆ 1911ರಲ್ಲಿ ಐನಾರ್ ಹರ್ಟ್ಸ್‌ಸ್ಪ್ರುಂಗ್ ಫೋಟೊಗಳನ್ನು ಅಳೆದು ಖಚಿತಪಡಿಸಿದ್ದೇನೆಂದರೆ, ಧ್ರುವನ ಬೆಳಕೇ ಸುಮಾರು ನಾಲ್ಕು ದಿನಕ್ಕೊಮ್ಮೆ ತುಸು ಏರಿ ಇಳಿಯುತ್ತದೆ. ನಮ್ಮ ಪುರಾಣ ಅಚಲ ಪದವಿ ಕೊಟ್ಟು ಕೂರಿಸಿದವನೇ ತಕ್ಕಡಿಯಲ್ಲಿ ಅಲುಗಾಡಿದ್ದ!

ಹಾಗೆ ಏರಿಳಿಯುವ ನಕ್ಷತ್ರಗಳೇ ಹೆನ್ರಿಯೆಟಾ ಲೆವಿಟ್ ಅವರ ಕಸುಬು. ಹಾರ್ವರ್ಡಿನ ಫಲಕಗಳಲ್ಲಿ ಮ್ಯಾಗೆಲನ್ ಮೇಘಗಳೆಂಬ ಎರಡು ನೆರೆ ಗೆಲಕ್ಸಿಗಳನ್ನು ಜಾಲಾಡಿದ ಅವರು 1908ರಲ್ಲಿ ಅಂಥ 1,777 ನಕ್ಷತ್ರಗಳ ಪಟ್ಟಿ ಕೊಟ್ಟರು. 1912ರಲ್ಲಿ ಕಿರಿಯ ಮೇಘದ 25 ನಕ್ಷತ್ರಗಳನ್ನಿಟ್ಟು, ಏರಿಳಿತ ನಿಧಾನವಾದಷ್ಟೂ ನಕ್ಷತ್ರ ಹೆಚ್ಚು ಪ್ರಕಾಶಮಾನ ಎಂದು ತೋರಿಸಿದರು. ನಿಜವಾದ ಬೆಳಕೆಷ್ಟೆಂದು ತಿಳಿದರೆ, ಕಾಣುವ ಬೆಳಕಿಗೆ ಹೋಲಿಸಿ ದೂರ ಹೇಳಬಹುದು. ಎಡ್ವಿನ್ ಹಬಲ್ ಆಂಡ್ರೊಮಿಡಾ ಗೆಲಕ್ಸಿಯ ದೂರವನ್ನು ಲೆಕ್ಕ ಹಾಕಿದ್ದು ಇದೇ ಸೂತ್ರ ಹಿಡಿದು.

ಫಲಕಕ್ಕೆ ಎರಡು ದೋಷಗಳಿದ್ದವು. ಬೆಳಕು ಎರಡರಷ್ಟಾದರೆ ಕಪ್ಪು ಎರಡರಷ್ಟಾಗುತ್ತಿರಲಿಲ್ಲ. ಮೇಲೆ ಬಿದ್ದ ಬೆಳಕಿನಲ್ಲಿ ಹೆಚ್ಚಿನ ಪಾಲು ಗುರುತೇ ಉಳಿಸದೆ ಹೋಗುತ್ತಿತ್ತು. 1969ರಲ್ಲಿ ಬೆಲ್ ಲ್ಯಾಬ್ಸ್‌ನ ವಿಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ರೂಪಿಸಿದ, ಬೆಳಕನ್ನು ವಿದ್ಯುತ್ತಾಗಿಸಿ ಎಣಿಸುವ ಸಿಸಿಡಿ ಚಿಪ್ ಇವೆರಡನ್ನೂ ಬದಲಿಸಿತು. ಚಿತ್ರ ಈಗ ಅಂಕಿಗಳ ಕೋಷ್ಟಕವಾಯಿತು. ಅಂಕಿ ಇದ್ದಲ್ಲಿ ಸಾಫ್ಟ್‌ವೇರ್ ಬರಲು ಎಷ್ಟು ಹೊತ್ತು?

ಸಾಫ್ಟ್‌ವೇರ್ ಮಾಡುವುದು ಅಂಗಡಿಯವನ ಕೆಲಸ: ಡಬ್ಬದ ಸಮೇತ ತೂಗಿ, ಡಬ್ಬದ ತೂಕ ಕಳೆಯುವುದು. ನಕ್ಷತ್ರದ ಸುತ್ತ ಒಂದು ವೃತ್ತ ಎಳೆಯುತ್ತದೆ. ಅದರೊಳಗೆ 50 ಪಿಕ್ಸೆಲ್, ಒಟ್ಟು ಎಣಿಕೆ 12,000 ಎನ್ನೋಣ. ಆಚೆಗೊಂದು ಬಳೆ ಎಳೆದು ಬರಿ ಆಕಾಶದ ಬೆಳಕನ್ನು ನೋಡುತ್ತದೆ: ಪಿಕ್ಸೆಲ್‌ಗೆ 40. ಐವತ್ತಕ್ಕೆ 2,000. ಕಳೆದರೆ ಉಳಿದ 10,000 ನಕ್ಷತ್ರದ್ದು. ಅದೇ ಚಿತ್ರದಲ್ಲಿ, ಕಾಂತಿಮಾನ ಮೊದಲೇ ಗೊತ್ತಿರುವ ಇನ್ನೊಂದು ನಕ್ಷತ್ರದ ಲೆಕ್ಕ 25,120 ಬಂದರೆ ನಮ್ಮದು ಅದಕ್ಕಿಂತ ಸರಿಯಾಗಿ ಒಂದು ಮೆಟ್ಟಿಲು ಕೆಳಗೆ.

ಜಾತ್ರೆಯಂತೆ ಕಿಕ್ಕಿರಿದ ತಾರಾಗುಚ್ಛಗಳಲ್ಲಿ ಈ ಉಪಾಯ ಸೋಲುತ್ತದೆ. ಒಂದರ ವೃತ್ತದೊಳಗೆ ಇನ್ನೊಂದರ ಬೆಳಕು ನುಗ್ಗುತ್ತದೆ. ಕೆನಡಾದ ಡೊಮಿನಿಯನ್ ಖಭೌತ ವೀಕ್ಷಣಾಲಯದ ಪೀಟರ್ ಸ್ಟೆಟ್ಸನ್ 1987ರಲ್ಲಿ ಪ್ರಕಟಿಸಿದ ‘ಡಾವೊಫಾಟ್’ ಎಂಬ ಸಾಫ್ಟ್‌ವೇರ್ ಇದಕ್ಕೆ ದಾರಿ ಮಾಡಿತು. ಒಂಟಿಯಾಗಿರುವ ಕೆಲವು ನಕ್ಷತ್ರಗಳಿಂದ ಬೆಳಕು ಹರಡುವ ಆಕಾರವನ್ನು ಅದು ಮೊದಲು ಕಲಿಯುತ್ತದೆ. ಆಮೇಲೆ ಆ ಅಚ್ಚನ್ನು ಗುಂಪಿನ ಪ್ರತಿಯೊಂದಕ್ಕೂ ಹೊಂದಿಸಿ, ಯಾರ ಪಾಲು ಎಷ್ಟೆಂದು ಬಿಡಿಸುತ್ತದೆ.

ಬೆಂಗಳೂರಿನ ಹೊರವಲಯದ ಹೊಸಕೋಟೆಯಲ್ಲಿ ಕುಳಿತ ಭಾರತೀಯ ಖಭೌತ ಸಂಸ್ಥೆಯ ಖಗೋಳಜ್ಞರು ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ಉಪಗ್ರಹದ ಮೂಲಕ ನಡೆಸುತ್ತಾರೆ. ಸುಮಾರು 4,500 ಮೀಟರ್ ಎತ್ತರದ ಆ ಚಳಿ ಮರುಭೂಮಿಯ ಚಿತ್ರಗಳಲ್ಲೂ ಹೊರಬೀಳುವುದು ಪಾಗ್ಸನ್‌ನ ಕಾಂತಿಮಾನವೇ; ಅವನು ಮೂವತ್ತು ವರ್ಷ ದುಡಿದ ಸಂಸ್ಥೆಯ ವಾರಸುದಾರರ ಪರದೆಯ ಮೇಲೆ.

ಇತ್ತ ಹಾರ್ವರ್ಡಿನಲ್ಲಿ 5 ಲಕ್ಷಕ್ಕೂ ಹೆಚ್ಚು ಹಳೆಯ ಫಲಕಗಳಿವೆ. ಅವುಗಳಲ್ಲಿ 4 ಲಕ್ಷಕ್ಕೂ ಮಿಕ್ಕಿದವನ್ನು ಸ್ಕ್ಯಾನ್ ಮಾಡಿ, ಸಾಫ್ಟ್‌ವೇರ್‌ನಿಂದ ನಕ್ಷತ್ರಗಳನ್ನು ಮತ್ತೊಮ್ಮೆ ಅಳೆಯಲಾಗಿದೆ. ಒಂದು ತೊಡಕಿತ್ತು. ಗಾಜಿನ ಹಿಂಬದಿಯಲ್ಲಿ ಆ ಹೆಂಗಸರು ಶಾಯಿಯಿಂದ ಹಾಕಿದ ಬಾಣ, ವೃತ್ತ, ಅಂಕಿಗಳೆಲ್ಲ ಸ್ಕ್ಯಾನರಿಗೆ ಅಡ್ಡ ಬರುತ್ತಿದ್ದವು. ಆದ್ದರಿಂದ ಮೊದಲು ಆ ಗುರುತುಗಳ ಫೋಟೊ ತೆಗೆದುಕೊಂಡರು, ಆಮೇಲೆ ಗಾಜನ್ನು ಒರೆಸಿದರು.