ಮಂಗಳೂರು ಹೆಂಚು

ಹೊಳೆದಂಡೆಯ ಜೇಡಿಮಣ್ಣನ್ನು ಅಚ್ಚಿನಲ್ಲಿ ಒತ್ತಿ, ಒಣಗಿಸಿ, ಭಟ್ಟಿಯಲ್ಲಿ ಸುಟ್ಟು ಮಾಡುವ ಕೆಂಪು ಬಣ್ಣದ ಚಪ್ಪಟೆ ಹೆಂಚು. ಮನೆ, ಶಾಲೆ, ರೈಲು ನಿಲ್ದಾಣಗಳ ಇಳಿಜಾರು ಮಾಡಿಗೆ ಇದನ್ನು ಹೊದಿಸುತ್ತಾರೆ. 1865ರಲ್ಲಿ ಮಂಗಳೂರಿನಲ್ಲಿ ಇದರ ಮೊದಲ ಕಾರ್ಖಾನೆ ಶುರುವಾಯಿತು.

ಮಣ್ಣಿನ ಕಥೆ ಮಾತ್ರ ಅದಕ್ಕಿಂತ ಬಹಳ ಹಳೆಯದು. ಪಶ್ಚಿಮಘಟ್ಟದ ಬಂಡೆಗಳು ಮಳೆಗೆ, ಬಿಸಿಲಿಗೆ ಸಾವಿರಾರು ವರ್ಷ ಮೈಯೊಡ್ಡಿ ಸವೆದು ಪುಡಿಯಾಗುತ್ತವೆ. ಆ ಪುಡಿಯನ್ನು ನೇತ್ರಾವತಿ, ಗುರುಪುರ ನದಿಗಳು ಕಡಲಿನ ಕಡೆಗೆ ಹೊತ್ತು ತರುತ್ತವೆ. ಭಾರವಾದ ಮರಳು ಬೇಗ ತಳ ಸೇರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ನೀರಿನ ಓಟ ನಿಧಾನವಾಗುವ ತಗ್ಗು ಜಾಗದಲ್ಲಿ, ಗದ್ದೆಗಳಲ್ಲಿ ಕೂರುತ್ತವೆ. ಅದೇ ಜೇಡಿಮಣ್ಣು. ಒದ್ದೆಯಾದಾಗ ಹೇಳಿದ ಹಾಗೆ ಕೇಳುತ್ತದೆ, ಕೊಟ್ಟ ಆಕಾರವನ್ನು ಬಿಡುವುದಿಲ್ಲ.

ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದುಕೊಂಡೇ ಸುರಿಯುತ್ತದೆ. ಹಿಂದೆ ಹೆಚ್ಚಿನ ಮನೆಗಳಿಗೆ ಮುಳಿಹುಲ್ಲು, ಬೈಹುಲ್ಲು ಅಥವಾ ಹೆಣೆದ ತೆಂಗಿನ ಮಡಲಿನ ಮಾಡು ಇರುತ್ತಿತ್ತು. ಮಳೆಗಾಲ ಬರುವ ಮೊದಲು ಅದನ್ನು ಹೊಸದಾಗಿ ಹೊದಿಸಬೇಕಿತ್ತು. ಬೇಸಗೆಯಲ್ಲಿ ಒಂದು ಕಿಡಿ ಬಿದ್ದರೂ ಅಪಾಯ. ಕುಂಬಾರರು ತಿಗರಿಯ ಮೇಲೆ ಕೊಳವೆ ಮಾಡಿ, ಉದ್ದಕ್ಕೆ ಸೀಳಿ, ಸುಟ್ಟ ನಾಡಹೆಂಚು ಕೂಡ ಇತ್ತು. ಆದರೆ ಅವನ್ನು ಒಂದರ ಮೇಲೊಂದು ದಟ್ಟವಾಗಿ ಜೋಡಿಸಬೇಕಿತ್ತು, ಮಾಡಿನ ಭಾರ ಏರುತ್ತಿತ್ತು. ಮಂಗಗಳು ಒಮ್ಮೆ ಓಡಾಡಿದರೆ ಸಾಕು, ಒಳಗೆ ಸೋರಿಕೆ ಶುರು.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದಿದ್ದರು. ಕ್ರೈಸ್ತರಾದವರಲ್ಲಿ ಅನೇಕರಿಗೆ ಹಳೆಯ ಕಸುಬು, ಊರಿನ ಆಸರೆ ಎರಡೂ ತಪ್ಪಿಹೋಗುತ್ತಿದ್ದವು. ಅವರಿಗೆ ಕೆಲಸ ಕೊಡಲು ಮಿಷನ್ ಮುದ್ರಣ, ನೇಯ್ಗೆಗಳನ್ನು ನಡೆಸುತ್ತಿತ್ತು. ಮುದ್ರಣದ ಕೆಲಸಕ್ಕೆಂದು ಬಂದ ಜಾರ್ಜ್ ಪ್ಲೆಬ್‌ಸ್ಟ್ ಎಂಬ ಜರ್ಮನ್ ಕುಶಲಕರ್ಮಿಯ ಕಣ್ಣು ಹೊಳೆದಂಡೆಯ ಮಣ್ಣಿನ ಮೇಲೆ ಬಿತ್ತು. ಯುರೋಪಿನ ಅಲ್ಸಾಸ್ ಪ್ರದೇಶದಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲೇ ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚಿಗೆ ಹಕ್ಕುಪತ್ರ ಪಡೆದಿದ್ದರು. ಅದೇ ಬಗೆಯ ಹೆಂಚನ್ನು ಪ್ಲೆಬ್‌ಸ್ಟ್ ಇಲ್ಲಿನ ಮಣ್ಣಿನಲ್ಲಿ ಒತ್ತಿಸಿದರು. ನೇತ್ರಾವತಿಯ ಬದಿಯ ಜೆಪ್ಪುವಿನಲ್ಲಿ ಕಾರ್ಖಾನೆ ಎದ್ದಿತು. ಹಾಗೆ ನೋಡಿದರೆ ಹೊಸತಾಗಿ ಬಂದದ್ದು ಮಣ್ಣೂ ಅಲ್ಲ, ಬೆಂಕಿಯೂ ಅಲ್ಲ. ಹೆಂಚಿನ ಅಂಚಿನಲ್ಲಿರುವ ಸಣ್ಣ ತೋಡು ಮತ್ತು ಅದನ್ನು ಪ್ರತಿ ಸಲವೂ ಒಂದೇ ಅಳತೆಗೆ ಒತ್ತುವ ಯಂತ್ರ, ಇವೆರಡೇ. ಒಂದರ ಏಣು ಪಕ್ಕದ್ದರ ತೋಡಿನಲ್ಲಿ ಕೂತರೆ ನೀರು ಒಳನುಗ್ಗದೆ ಕೆಳಗೆ ಜಾರುತ್ತದೆ. ಹೆಂಚಿನ ಅಡಿಭಾಗದ ಗುಬಟು ರೀಪಿಗೆ ಸಿಕ್ಕಿಕೊಂಡು ಜಾರದಂತೆ ಹಿಡಿಯುತ್ತದೆ.

ತಯಾರಿಕೆಗೆ ಅವಸರ ಆಗದು. ಅಗೆದ ಮಣ್ಣನ್ನು ರಾಶಿ ಹಾಕಿ ಕೆಲಕಾಲ ಹಾಗೇ ಬಿಡುತ್ತಾರೆ. ಕಲ್ಲು, ಬೇರು ಆರಿಸಿ ನೀರು ಸೇರಿಸಿ ನಾದುತ್ತಾರೆ. ಮೊದಲಿಗೆ ನಾದುವ ಯಂತ್ರವನ್ನು ಎತ್ತುಗಳು ತಿರುಗಿಸುತ್ತಿದ್ದವು, ಆಮೇಲೆ ಉಗಿಯಂತ್ರ ಬಂತು. ನಾದಿದ ಮಣ್ಣನ್ನು ಬಿಲ್ಲೆಗಳಾಗಿ ಕತ್ತರಿಸಿ ಅಚ್ಚಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸುತ್ತಾರೆ. ಬಿಸಿಲಿಗಿಟ್ಟರೆ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ. ಹೆಂಚು ಸೊಟ್ಟಗಾಗುತ್ತದೆ ಇಲ್ಲವೇ ಬಿರಿಯುತ್ತದೆ.

ನಿಜವಾದ ಬದಲಾವಣೆ ನಡೆಯುವುದು ಭಟ್ಟಿಯಲ್ಲಿ. ಒಣಗಿದ, ಇನ್ನೂ ಸುಡದ ಹೆಂಚನ್ನು ನೀರಿಗೆ ಹಾಕಿದರೆ ಮತ್ತೆ ಕೆಸರೇ. ಆದರೆ ಕಾವು ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮಣ್ಣಿನ ಕಣಗಳೊಳಗೇ ಬೆಸೆದುಕೊಂಡಿದ್ದ ನೀರಿನ ಅಂಶವೂ ಹೊರಬೀಳುತ್ತದೆ. ಕಾವು ಇನ್ನೂ ಏರಿದಂತೆ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಆಮೇಲೆ ಎಷ್ಟು ಮಳೆ ಸುರಿದರೂ ಅದು ಮಣ್ಣಾಗದು. ಕೆಂಪು ಬಣ್ಣ ಮಣ್ಣಿನಲ್ಲಿದ್ದ ಕಬ್ಬಿಣದ್ದು: ಸುಡುವಾಗ ಗಾಳಿಯ ಆಮ್ಲಜನಕದೊಡನೆ ಸೇರಿ ಕೆಂಪಾಗುತ್ತದೆ, ಗಾಳಿ ಸಾಲದಿದ್ದರೆ ಹೆಂಚು ಕಪ್ಪಾಗುತ್ತದೆ.

ಮಿಷನ್ ಮುಂದೆ ಕುದ್ರೋಳಿ, ಮಲ್ಪೆ, ಕೋಝಿಕ್ಕೋಡು, ಫರೋಕ್‌ಗಳಲ್ಲೂ ಕಾರ್ಖಾನೆ ತೆರೆಯಿತು. ಸ್ಥಳೀಯ ಉದ್ಯಮಿಗಳು ಹಿಂದೆ ಬೀಳಲಿಲ್ಲ. ಆಲ್ಬುಕರ್ಕ್ ಕುಟುಂಬದ ಹೆಂಚುಗಳಿಗೂ ದೊಡ್ಡ ಹೆಸರಿತ್ತು. ಒಂದೊಂದು ಕಾರ್ಖಾನೆಯೂ ತನ್ನ ಹೆಸರನ್ನು ಹೆಂಚಿನ ಮೇಲೆ ಉಬ್ಬಚ್ಚು ಹಾಕುತ್ತಿತ್ತು. ಹಡಗೇರಿದ ಹೆಂಚು ಮುಂಬಯಿ, ಕೊಲಂಬೊ, ಏಡನ್, ಪೂರ್ವ ಆಫ್ರಿಕದವರೆಗೂ ಹೋಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು, ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿದವು.

ಕಾಂಕ್ರೀಟ್ ಬಂದ ಮೇಲೆ ಬೇಡಿಕೆ ಇಳಿಯಿತು. ಒಳ್ಳೆಯ ಮಣ್ಣು ಸಿಗುವುದೂ ಕಷ್ಟವಾಯಿತು, ಭಟ್ಟಿಗೆ ಹಾಕುವ ಸೌದೆಯ ಬೆಲೆ ಏರಿತು. ಹಲವು ಕಾರ್ಖಾನೆಗಳು ಮುಚ್ಚಿದವು. ಹಳೆಯ ಮನೆ ಕೆಡವುವಾಗ ಗಟ್ಟಿ ಹೆಂಚುಗಳನ್ನು ಆರಿಸಿ ಇಳಿಸಿ ಮಾರುತ್ತಾರೆ. ಒಡೆದ ಹೆಂಚನ್ನು ಪುಡಿಮಾಡಿ ಸುಣ್ಣಕ್ಕೆ ಬೆರೆಸಿದರೆ ಗೋಡೆ ಕಟ್ಟುವ ಗಾರೆ ಇನ್ನಷ್ಟು ಗಟ್ಟಿಯಾಗುತ್ತದೆ.