ಬಿಡುಗಡೆಯಾದ ಬಂದಿಗಳ ಪುನರ್ವಸತಿ

ಶಿಕ್ಷೆ ಮುಗಿಸಿದವರು ಕುಟುಂಬ, ದುಡಿಮೆ ಮತ್ತು ಊರಿನ ಒಡನಾಟಕ್ಕೆ ಮರಳಲು ನೀಡುವ ನೆರವನ್ನು ಪುನರ್ವಸತಿ ಎನ್ನುತ್ತಾರೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರಚನೆಯಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಿಗೆ ಹತ್ತಿರದ ದೊಡ್ಡ ಸೆರೆಮನೆ ಬಳ್ಳಾರಿಯ ಕೇಂದ್ರ ಕಾರಾಗೃಹ. ಅಲ್ಲಿ ಮತ್ತು ಮೈಸೂರಿನಲ್ಲಿ ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿ ಬಂದಿಗಳಿಂದಲೇ ನಾಟಕ ಆಡಿಸಿ, ಕೈದಿಯನ್ನು ಅಪರಾಧದ ಹೆಸರಿನಿಂದಲ್ಲದೆ ನಟನಾಗಿ ಕಾಣುವ ಅವಕಾಶವನ್ನು ಪ್ರೇಕ್ಷಕರಿಗೆ ಒದಗಿಸಿದ್ದು ಕರ್ನಾಟಕದ ಮಹತ್ವದ ಪ್ರಯೋಗ.

ಜೀವಾವಧಿ ಶಿಕ್ಷೆಯವರ ಅವಧಿಪೂರ್ವ ಬಿಡುಗಡೆಗೆ ಮುನ್ನ ಪೊಲೀಸರ ಹಾಗೂ ಪರಿವೀಕ್ಷಣಾಧಿಕಾರಿಯ, ಅಂದರೆ ಬಂದಿಯ ಮನೆಮಠದ ಸ್ಥಿತಿಯನ್ನು ವಿಚಾರಿಸುವ ಅಧಿಕಾರಿಯ, ವರದಿಯನ್ನು ಪರಿಶೀಲಿಸಲಾಗುತ್ತದೆ. ಕೊಲೆಯಂಥ ಪ್ರಕರಣದಲ್ಲಿ ಅಪರಾಧಿಯ ಮತ್ತು ನೊಂದವರ ಕುಟುಂಬಗಳು ಒಂದೇ ಓಣಿಯಲ್ಲಿ ಬದುಕಬೇಕಾಗಬಹುದಾದ್ದರಿಂದ ಈ ವಿಚಾರಣೆಯನ್ನು ಕಾಟಾಚಾರಕ್ಕೆ ಮಾಡಬಾರದು, ನೊಂದವರ ಮಾತನ್ನೂ ಕೇಳಬೇಕು. ಇದು ಸೆರೆವಾಸದ ನಂತರದ ಮಾತಾದರೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಅರ್ಹರನ್ನು ಸೆರೆಗೆ ಕಳಿಸದೆ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಡಲು ಅವಕಾಶ ಕೊಡುತ್ತದೆ.

ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿಯಂಥ ಮಳೆಯಾಶ್ರಿತ ಸೀಮೆಗೆ ಮರಳಿದವರಿಗೆ ಮೊದಲ ತೊಡಕು ಕಾಗದಪತ್ರಗಳದು: ಪಡಿತರ ಚೀಟಿಯಲ್ಲಿ ಹೆಸರು ಬಿಟ್ಟುಹೋಗಿರಬಹುದು, ಬ್ಯಾಂಕ್ ಖಾತೆ ನಿಷ್ಕ್ರಿಯವಾಗಿರಬಹುದು, ಪಹಣಿಯ ಪಾಲು ಅಣ್ಣತಮ್ಮಂದಿರ ನಡುವಿನ ತಕರಾರಿನಲ್ಲಿ ಸಿಲುಕಿರಬಹುದು. ಕೂಲಿ ಅರಸಿ ಗುಳೆ ಹೋಗುವುದು ಆಗ ಸುಲಭದ ದಾರಿಯಾಗಿ ಕಂಡರೂ, ಅದು ಕುಟುಂಬದೊಂದಿಗೆ ಆಗತಾನೇ ಕೂಡಿದ ನಂಟನ್ನು ಮತ್ತೆ ಸಡಿಲಿಸುತ್ತದೆ. ಉದ್ಯೋಗ ಖಾತರಿ ಕೆಲಸವೂ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಅರ್ಹರಿಗೆ ಉಚಿತ ಕಾನೂನು ನೆರವು ನೀಡುವ ತಾಲ್ಲೂಕು ಕಾನೂನು ಸೇವಾ ಸಮಿತಿಯೂ ಇಲ್ಲಿ ಉಪಯುಕ್ತವಾಗಿದ್ದು, ಈ ತೊಡಕುಗಳನ್ನು ನೀಗಿಸುವ ಸಿದ್ಧತೆ ಬಿಡುಗಡೆಗೆ ತಿಂಗಳುಗಳ ಮೊದಲೇ ಸೆರೆಮನೆಯೊಳಗೆ ಆರಂಭವಾಗಬೇಕು.