ಅಮೆರಿಕದ ಮರವೈದ್ಯರು

ಮನೆಯಂಗಳದ ಅಥವಾ ಬೀದಿಬದಿಯ ಮರವನ್ನು ಪರೀಕ್ಷಿಸಿ, ಉಳಿಸಬಹುದೇ ತೆಗೆಯಲೇಬೇಕೇ ಎಂದು ಹೇಳಿ, ತೆಗೆಯಬೇಕಾದಲ್ಲಿ ತಾನೇ ಹತ್ತಿ ಕೊಯ್ದು ಇಳಿಸುವ ಕಸುಬುದಾರನನ್ನು ಅಮೆರಿಕದಲ್ಲಿ ಆರ್ಬರಿಸ್ಟ್ ಎನ್ನುತ್ತಾರೆ. ಕಾಡು ಸವರಿ ಹೊಲ ಮಾಡಿದವರು, ನಾಟಾಕ್ಕಾಗಿ ಮರ ಉರುಳಿಸಿದವರು ಆ ದೇಶದಲ್ಲಿ ಮೊದಲಿನಿಂದಲೂ ಇದ್ದರು. ಆದರೆ ಮನೆಗಳ ನಡುವೆ ನಿಂತ ಮುದಿಮರದ ಸಮಸ್ಯೆಯೇ ಬೇರೆ. ಅದು ಬೀಳುವುದಕ್ಕೆ ಜಾಗವಿರುವುದಿಲ್ಲ, ಕಡಿಯುವುದಕ್ಕೆ ಊರಿನವರಿಗೆ ಮನಸ್ಸೂ ಇರುವುದಿಲ್ಲ. ಈಶಾನ್ಯದ ರಾಜ್ಯಗಳಲ್ಲಿ ಬೀದಿಯ ಎರಡೂ ಬದಿಗೆ ನೆಟ್ಟ ಎಲ್ಮ್ ಮರಗಳು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬೆಳೆದು ಹೆಮ್ಮರಗಳಾಗಿದ್ದವು. ಮ್ಯಾಸಚೂಸೆಟ್ಸ್ ರಾಜ್ಯ 1899ರಲ್ಲಿ ಪ್ರತಿ ಊರಿಗೂ ಒಬ್ಬ ಮರಪಾಲಕ ಇರಲೇಬೇಕೆಂದು ಕಾನೂನು ಮಾಡಿತು.

ಕಸುಬಿಗೆ ಹೆಸರು ತಂದವನು ಜಾನ್ ಡೇವಿ. ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ 1846ರಲ್ಲಿ ಹುಟ್ಟಿದ ಈತ ಓದುಬರಹ ಕಲಿತದ್ದು ದೊಡ್ಡವನಾದ ಮೇಲೆ. ತೋಟಗಾರಿಕೆ ಕಲಿತು 1873ರಲ್ಲಿ ಅಮೆರಿಕಕ್ಕೆ ಬಂದು, ಮುಂದೆ ಓಹಾಯೋದ ಕೆಂಟ್ ಊರಿನಲ್ಲಿ ಸ್ಮಶಾನವೊಂದರ ಉಸ್ತುವಾರಿ ವಹಿಸಿಕೊಂಡ. ಪಾಳು ಬಿದ್ದಿದ್ದ ಆ ಸ್ಮಶಾನದ ಮರಗಳೇ ಅವನ ಪ್ರಯೋಗಶಾಲೆಯಾದವು. ಅಲ್ಲಿ ಕಂಡುಕೊಂಡದ್ದನ್ನು ಛಾಯಾಚಿತ್ರಗಳ ಸಮೇತ 1901ರಲ್ಲಿ ‘ದಿ ಟ್ರೀ ಡಾಕ್ಟರ್’ ಎಂಬ ಪುಸ್ತಕವಾಗಿ ಸಾಲ ಮಾಡಿ ಅಚ್ಚು ಹಾಕಿಸಿದ. 1909ರಲ್ಲಿ ಡೇವಿ ಟ್ರೀ ಎಕ್ಸ್‌ಪರ್ಟ್ ಕಂಪನಿ ಹುಟ್ಟಿತು. ಅದನ್ನು ಬೆಳೆಸಿದ ಮಗ ಮಾರ್ಟಿನ್ ಡೇವಿ ಮುಂದೆ ಓಹಾಯೋದ ಗವರ್ನರ್ ಕೂಡ ಆದ. ಡೇವಿ ಕಂಪನಿಗೂ ಎರಡು ವರ್ಷ ಮೊದಲು, 1907ರಲ್ಲಿ, ಕನೆಕ್ಟಿಕಟ್‌ನಲ್ಲಿ ಫ್ರಾನ್ಸಿಸ್ ಬಾರ್ಟ್‌ಲೆಟ್ ತನ್ನ ಕಂಪನಿ ಆರಂಭಿಸಿದ್ದ. ಎರಡೂ ಕಂಪನಿಗಳು ಇಂದಿಗೂ ನಡೆಯುತ್ತಿವೆ.

ಆ ಕಾಲದ ಮರವೈದ್ಯರ ಮುಖ್ಯ ಕೆಲಸ ಪೊಟರೆ ತುಂಬುವುದು. ಹುಳುಕು ಹಲ್ಲಿಗೆ ದಂತವೈದ್ಯ ಮಾಡುವ ಚಿಕಿತ್ಸೆಯನ್ನೇ ಮರಕ್ಕೆ ಮಾಡುತ್ತಿದ್ದರು ಎನ್ನಬಹುದು. ಕೊಳೆತ ಭಾಗವನ್ನು ಉಳಿಯಿಂದ ಕೆತ್ತಿ, ಗಟ್ಟಿ ಮರ ಸಿಗುವತನಕ ಕೆರೆದು, ಒಳಗೆ ಡಾಂಬರು ಬಳಿದು, ಸಿಮೆಂಟನ್ನು ಪದರ ಪದರವಾಗಿ ತುಂಬುತ್ತಿದ್ದರು. ಗಾಳಿಗೆ ಮರ ಬಳುಕಿದಾಗ ಸಿಮೆಂಟು ಒಡೆಯಬಾರದೆಂದೇ ಪದರಗಳ ಉಪಾಯ. ಸೀಳಿದ ಕವಲುಗಳಿಗೆ ಕಬ್ಬಿಣದ ಬೋಲ್ಟ್ ಹಾಕಿ ಬಿಗಿಯುತ್ತಿದ್ದರು. ದಿನಗಟ್ಟಲೆ ಹಿಡಿಯುತ್ತಿದ್ದ ಈ ಕೆಲಸದಲ್ಲಿ ಮರದ ಮೇಲಿನ ಪ್ರೀತಿಗೆ ಕೊರತೆಯಿರಲಿಲ್ಲ. ಮೋಸಗಾರರೂ ಕಡಿಮೆಯಿರಲಿಲ್ಲ. ಆದ್ದರಿಂದಲೇ ಕನೆಕ್ಟಿಕಟ್ 1919ರಲ್ಲಿ ಕೂಲಿಗೆ ಮರದ ಆರೈಕೆ ಮಾಡುವವರು ಪರೀಕ್ಷೆ ಕಟ್ಟಿ ಪರವಾನಗಿ ಪಡೆಯಬೇಕೆಂಬ ನಿಯಮ ತಂದಿತು. ಆ ಪರೀಕ್ಷಾ ಮಂಡಳಿ 1924ರಲ್ಲಿ ಕರೆದ ಸಣ್ಣ ಸಭೆಯೇ ಬೆಳೆಯುತ್ತ ಹೋಗಿ ಇಂದಿನ ಅಂತರರಾಷ್ಟ್ರೀಯ ಆರ್ಬರಿಕಲ್ಚರ್ ಸೊಸೈಟಿಯಾಗಿದೆ.

ಆದರೆ ಆರೈಕೆಗೆ ಬಗ್ಗದ ಎರಡು ರೋಗಗಳು ಈ ಕಸುಬಿನ ದಿಕ್ಕನ್ನೇ ಬದಲಿಸಿದವು. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಚೆಸ್ಟ್‌ನಟ್ ಮರಗಳಲ್ಲಿ 1904ರಲ್ಲಿ ಕಾಣಿಸಿಕೊಂಡ ಶಿಲೀಂಧ್ರ ಐವತ್ತು ವರ್ಷದೊಳಗೆ ಸುಮಾರು 300ರಿಂದ 400 ಕೋಟಿ ಮರಗಳನ್ನು ತಿಂದು ಮುಗಿಸಿತು. ಅದು ಬಹುಪಾಲು ಕಾಡಿನ ನಷ್ಟ. ಎರಡನೆಯ ರೋಗ ನೇರವಾಗಿ ಊರೊಳಗೇ ಬಂತು. ಹಲಗೆ ತಯಾರಿಕೆಗೆಂದು ಯುರೋಪಿನಿಂದ ತರಿಸಿದ ಎಲ್ಮ್ ದಿಮ್ಮಿಗಳೊಂದಿಗೆ ಬಂದ ಡಚ್ ಎಲ್ಮ್ ರೋಗ 1930ರಲ್ಲಿ ಓಹಾಯೋದಲ್ಲಿ ಪತ್ತೆಯಾಯಿತು. ತೊಗಟೆ ಕೊರೆಯುವ ಪುಟ್ಟ ದುಂಬಿಗಳು ಅದನ್ನು ಮರದಿಂದ ಮರಕ್ಕೆ ಹೊತ್ತೊಯ್ದವು. ರೋಗ ಹಿಡಿದ ಮರವನ್ನು ಕಡಿದು ತೊಗಟೆಸಹಿತ ಸುಡುವುದೊಂದೇ ಆಗ ಗೊತ್ತಿದ್ದ ದಾರಿ. ಊರೂರಿನ ಬೀದಿಗಳು ಬೋಳಾದವು. ಮರ ಉಳಿಸಲು ಕಲಿತವರಿಗೆ ಮರ ತೆಗೆಯುವುದೇ ದಿನದ ಕೆಲಸವಾಯಿತು.

ಅದಕ್ಕೆ ತಕ್ಕ ಸಲಕರಣೆಯೂ ಅದೇ ಸುಮಾರಿಗೆ ಒದಗಿತು. ಜರ್ಮನಿಯಲ್ಲಿ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ ಚೈನ್ ಗರಗಸವನ್ನೂ 1929ರಲ್ಲಿ ಪೆಟ್ರೋಲ್ ಗರಗಸವನ್ನೂ ತಯಾರಿಸಿದ. ಅವನ್ನು ಎತ್ತಲು ಇಬ್ಬರು ಆಳು ಬೇಕಿತ್ತು. ಆಗಿನ ಸರಪಳಿಯ ಹಲ್ಲುಗಳೂ ಬೇಗ ಮೊಂಡಾಗುತ್ತಿದ್ದವು. ಆರೆಗಾನ್‌ನ ಜೋಸೆಫ್ ಕಾಕ್ಸ್ 1946ರಲ್ಲಿ ಒಂದು ಮರದ ಬುಡದಲ್ಲಿ ಕೊರಕ ದುಂಬಿಯ ಮರಿಹುಳವನ್ನು ಗಮನಿಸಿದ. ಅದು ನಾರಿನ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಲೀಸಿನಿಂದ, ದವಡೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಕೊರೆಯುತ್ತಿತ್ತು. ಆ ದವಡೆಯ ಆಕಾರದಲ್ಲೇ ಅವನು ಉಕ್ಕಿನ ಸರಪಳಿ ರೂಪಿಸಿದ. ಇಂದಿನ ಬಹುತೇಕ ಚೈನ್ ಗರಗಸಗಳ ಹಲ್ಲು ಅದರ ವಂಶದ್ದೇ.

ಬಯಲಿನ ಮರವನ್ನು ಬೀಳಿಸುವ ಕ್ರಮ ಸರಳ. ಬೀಳಬೇಕಾದ ದಿಕ್ಕಿಗೆ ಬುಡದಲ್ಲಿ ಬಾಯಿಯಂಥ ಕಚ್ಚು ತೆಗೆದು, ಹಿಂಬದಿಯಿಂದ ಕೊಯ್ಯುತ್ತ ಬಂದು, ನಡುವೆ ಒಂದು ಪಟ್ಟಿಯನ್ನು ಕೊಯ್ಯದೆ ಬಿಟ್ಟರೆ ಅದೇ ಕೀಲಾಗಿ ಮರವನ್ನು ನಿಧಾನಕ್ಕೆ ಬಾಗಿಸುತ್ತದೆ. ಮನೆ, ತಂತಿ, ಬೇಲಿಗಳ ನಡುವೆ ಈ ಕ್ರಮ ನಡೆಯದು. ಅಲ್ಲಿ ಹಗ್ಗ ಕಟ್ಟಿಕೊಂಡು ಮೇಲೇರಿ, ಕೊಂಬೆಗೊಂದರಂತೆ ಹಗ್ಗ ಬಿಗಿದು, ಕೆಳಗಿನವನು ಕಾಂಡಕ್ಕೆ ಸುತ್ತಿದ ಹಗ್ಗವನ್ನು ಸಡಿಲಿಸಿದಂತೆ ತುಂಡುಗಳನ್ನು ಇಳಿಸಬೇಕು. ಕೊನೆಗೆ ಕಾಂಡವನ್ನೂ ತುದಿಯಿಂದ ಬುಡದತ್ತ ಕೊಯ್ಯುತ್ತ ಬರಬೇಕು. ಒಳಗೆ ಟೊಳ್ಳಾದ ಮರ ಹತ್ತಿದವನ ಭಾರವನ್ನು ತಾಳುವುದೇ ಎಂಬುದನ್ನು ಹತ್ತುವ ಮೊದಲೇ ಅಳೆಯಬೇಕಾಗುತ್ತದೆ. ಈ ಕಸುಬಿನ ಕಠಿಣ ಭಾಗ ಇದೇ.

ಆ ಅಳತೆಗೆ ಶಾಸ್ತ್ರದ ಬುನಾದಿ ಕೊಟ್ಟವನು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ. ಹಿಂದಿನವರು ಮರವನ್ನು ಅಡ್ಡಡ್ಡ ಕೊಯ್ದು ನೋಡುತ್ತಿದ್ದರು. ಶೈಗೊ 1959ರಿಂದ ಉದ್ದುದ್ದ ಸೀಳಿ ನೋಡಿದ, ಒಂದೆರಡಲ್ಲ, ಸುಮಾರು 15,000 ಮರಗಳನ್ನು. ಗಾಯವಾದ ಮರ ನಮ್ಮ ಚರ್ಮದಂತೆ ಮಾಯುವುದಿಲ್ಲ, ಕೆಟ್ಟ ಭಾಗದ ಸುತ್ತ ತಡೆಗೋಡೆ ಕಟ್ಟಿಕೊಂಡು ಹೊರಗೆ ಹೊಸ ಮರ ಬೆಳೆಸುತ್ತದೆ ಎಂದು ಅವನು 1977ರಲ್ಲಿ ಪ್ರಕಟಿಸಿದ ವರದಿ ವಿವರಿಸಿತು. ಹಾಗಾದರೆ ಪೊಟರೆಯನ್ನು ಗಟ್ಟಿ ಮರದವರೆಗೆ ಕೆರೆಯುವುದೆಂದರೆ ಆ ಗೋಡೆಯನ್ನೇ ಒಡೆದು ಕೊಳೆಗೆ ದಾರಿ ಬಿಟ್ಟಂತೆ. ಗಾಯಕ್ಕೆ ಬಳಿಯುವ ಡಾಂಬರು ಕೊಳೆಯನ್ನು ತಡೆಯುವುದಿಲ್ಲ. ಕೊಂಬೆಯನ್ನು ಕಾಂಡಕ್ಕೆ ಸಮನಾಗಿ ಸವರಿದರೆ ಬುಡದ ಉಬ್ಬಿನಲ್ಲಿರುವ ರಕ್ಷಣೆಯೂ ಹೋಗುತ್ತದೆ. ಎಪ್ಪತ್ತು ವರ್ಷ ಶ್ರದ್ಧೆಯಿಂದ ಮಾಡಿಕೊಂಡು ಬಂದ ಚಿಕಿತ್ಸೆ ಮರಗಳಿಗೆ ಕೆಡುಕನ್ನೇ ಮಾಡಿತ್ತು. ಕಸುಬಿನವರು ಮೊದಲು ವಿರೋಧಿಸಿದರೂ ಕೊನೆಗೆ ಒಪ್ಪಿ ಪದ್ಧತಿ ಬದಲಿಸಿಕೊಂಡದ್ದು ಅವರ ಹಿರಿಮೆ.

ಅಂತರರಾಷ್ಟ್ರೀಯ ಆರ್ಬರಿಕಲ್ಚರ್ ಸೊಸೈಟಿ 1992ರಲ್ಲಿ ಪರೀಕ್ಷೆ ನಡೆಸಿ ಆರ್ಬರಿಸ್ಟ್‌ಗಳಿಗೆ ಪ್ರಮಾಣಪತ್ರ ಕೊಡಲು ಆರಂಭಿಸಿತು. ಅದು ಕಡ್ಡಾಯವಲ್ಲ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಈ ಕಸುಬಿಗೆ ಸರ್ಕಾರಿ ಪರವಾನಗಿ ಇಂದಿಗೂ ಬೇಕಿಲ್ಲ. ಗರಗಸ ಹಿಡಿದು ಬಾಗಿಲು ತಟ್ಟಿದವನು ಬಲ್ಲವನೋ ಅಲ್ಲವೋ ಎಂದು ವಿಚಾರಿಸಿಕೊಳ್ಳುವ ಹೊಣೆ ಅಲ್ಲಿ ಮನೆಯವರದೇ.